ಗೋಷಾ ಹಾಕಿದ ಕ್ಯಾಮೆರಾ

ಮಸ್ಕಿ ಬಸ್‌ಸ್ಟ್ಯಾಂಡಿನ ಎದುರು ಗಾಡಿಗಳಿಗೆ ಸೀಟ್ ಕವರ್ ಹೊಲಿಯುವ ಬುಡ್ಡೇಸಾಬ್‌ಗೆ ಈ ಲೋಕದ ಮೇಲೆ ಇದ್ದದ್ದು ಒಂದೇ ಸಿಟ್ಟು. ಹೊಸ ಸಾಮಾನಿನ ಮೇಲಿನ ಪ್ಲಾಸ್ಟಿಕ್ಕನ್ನು ಜನ ಯಾಕಾದರೂ ಕೀಳುತ್ತಾರೋ ಅಂತ. ಅವನ ಮನೆಯ ಟಿವಿ ರಿಮೋಟು ಇವತ್ತಿಗೂ ತಾನು ಬಂದ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಬಟನ್ ಒತ್ತಿದರೆ ಚರ್ ಚರ್ ಅನ್ನುತ್ತದೆ, ಚಾನೆಲ್ ಮಾತ್ರ ಬದಲಾಗುವುದಿಲ್ಲ. ಗೋಡೆ ಗಡಿಯಾರದ ಗಾಜಿನ ಮೇಲಿನ ಹಾಳೆ ಮಬ್ಬಾಗಿ ಮುಳ್ಳು ಎಲ್ಲಿದೆ ಅಂತ ಹುಡುಕಬೇಕು, ಹಾಗಾಗಿ ಮನೆಯವರು ಟೈಮ್ ನೋಡುವುದು ಮೊಬೈಲಿನಲ್ಲಿ. ಫ್ರಿಜ್ಜಿನ ಹಿಡಿಕೆಗೆ ಅಂಗಿ, ಮಿಕ್ಸಿಗೆ ಟೊಪ್ಪಿಗೆ, ಗ್ಯಾಸ್ ಸಿಲಿಂಡರಿಗೆ ಝಾಲರಿ ಇಟ್ಟ ಲಂಗ, ಎಲ್ಲಾ ಅವನೇ ಹೊಲಿದದ್ದು. ಹೆಂಡತಿ ಜಮೀಲಾಬೀ ಒಂದು ದಿನ ರೋಸಿಹೋಗಿ, "ನನಗೂ ಒಂದು ಕವರ್ ಹೊಲಿದು ಹಾಕಿಬಿಡ್ರಿ, ಧೂಳು ಕೂಡೋದರ ತಪ್ತೈತಿ" ಅಂದಳು. ಬುಡ್ಡೇಸಾಬ್ ನಗಲಿಲ್ಲ. ಅಳತೆ ತಗೊಳ್ಳುವವನ ಹಾಗೆ ಅವಳನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ.

ಇಂಥವನ ಮನೆಗೆ ಮಗಳು ಮೆಹನಾಜ್ ಕ್ಯಾಮೆರಾ ತಂದಳು.

ಸುಮ್ಮನೆ ತಂದದ್ದಲ್ಲ ಮತ್ತೆ. ಡಿಗ್ರಿ ಮುಗಿಸಿ ಸಿಂಧನೂರಿನ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಗಂಡಸರು ತೆಗೆದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸುತ್ತಾ ಅಂಟಿಸುತ್ತಾ ಅವಳಿಗೆ ಒಂದು ಮಾತು ಹೊಳೆಯಿತು. ಮುಸ್ಲಿಮರ ಮದುವೆ ಆಲ್ಬಮ್ ಅಂದರೆ ಅರ್ಧ ಮದುವೆ. ಗಂಡಸರ ಶಾಮಿಯಾನ, ಬಿರಿಯಾನಿ, ಮಾಲೆ ಹಾಕಿಕೊಂಡ ಮದುಮಗ, ಮತ್ತೆ ಬಿರಿಯಾನಿ. ಒಳಗೆ ಹೆಂಗಸರು ಢೋಲಕ್ ಬಡಿದು ಹಾಡಿದ್ದು, ಅರಿಶಿನ ಎರಚಾಡಿದ್ದು, ಮುದುಕಿಯರು ಕುಣಿದದ್ದು ಒಂದೂ ಇಲ್ಲ. ಅಲ್ಲಿಗೆ ಗಂಡಸರ ಕ್ಯಾಮೆರಾ ಹೋಗುವ ಹಾಗಿಲ್ಲವಲ್ಲ. ಹಾಗಾದರೆ ಆ ಉಳಿದರ್ಧ ಮದುವೆ ನನ್ನದು ಅಂದುಕೊಂಡವಳೇ ತನ್ನ ಹೊಲಿಗೆ ಮಷಿನ್ ಮಾರಿ, ಕೂಡಿಟ್ಟದ್ದನ್ನೆಲ್ಲ ಸುರಿದು ಕ್ಯಾಮೆರಾ ಕೊಂಡಳು. ಮಷಿನ್ ಮಾರಿದ ಸುದ್ದಿ ಕೇಳಿ ಬುಡ್ಡೇಸಾಬ್ ಕೈಯಲ್ಲಿದ್ದ ಸೂಜಿ ಕೆಳಗಿಟ್ಟ.

"ಒಂದು ಫಂಕ್ಷನ್ ನೋಡೋಣು," ಅಂದ. "ಛಲೋ ಆತು ಅಂದ್ರ ಮುಂದ ಮಾಡು. ಹೆಸರು ಕೆಡಿಸ್ಕೊಂಡು ಬಂದಿ ಅಂದ್ರ ಅಲ್ಲಿಗೆ ಮುಗೀತು. ಕ್ಯಾಮೆರಾ ನಿಮ್ಮಣ್ಣ ಆಸೀಫನ ಅಂಗಡ್ಯಾಗ ಮಾರಾಕ ಇಡ್ತೀನಿ, ಆ ರೊಕ್ಕದಾಗ ಮಷಿನ್ ತಂದು ನೀ ಮತ್ತ ತುಳಿ. ಹೌದಿಲ್ಲೋ?"

"ಹೌದು ಅಬ್ಬಾ," ಅಂದಳು ಮೆಹನಾಜ್. ಅನ್ನದೆ ಏನು ಮಾಡುತ್ತಾಳೆ!

ಆ ಒಂದು ಫಂಕ್ಷನ್ನೂ ಸಿಕ್ಕಿತು. ಸಿಕ್ಕದ್ದು ಎಂಥಾ ಮನೆಯದು ಅಂತೀರಿ, ಲಿಂಗಸುಗೂರಿನ ಶಂಶಾದ್‌ಬೀ ಮನೆಯದು! ಶಂಶಾದ್‌ಬೀ ಅಂದರೆ ಮನೆಗೆ ಹಿರಿಯಾಕೆ, ಎಲ್ಲರ ಬಾಯಲ್ಲೂ ದಾದಿ, ಅಂದರೆ ಅಜ್ಜಿ. ಆಕೆಯ ಬಾಯಿಗೆ ಹೆದರಿ ಹಾಲು ಹಾಕುವವನು ಹಾಲಿಗೆ ನೀರು ಬೆರೆಸುವುದನ್ನು ಬಿಟ್ಟಿದ್ದ. ಮೊಮ್ಮಗಳು ಸುಲ್ತಾನಾಳ ಮದುವೆ, ಅದರ ಹಿಂದಿನ ದಿನ ಹಳದಿ. ಹಳದಿ ಅಂದರೆ ಮದುಮಗಳಿಗೆ ಅರಿಶಿನ ಹಚ್ಚುವ ಶಾಸ್ತ್ರ, ಬರೀ ಹೆಂಗಸರ ಹಬ್ಬ. ಆ ಮನೆಯ ಹಳದಿಗೆ ಕ್ಯಾಮೆರಾ ಹೊಕ್ಕದ್ದೇ ಇಲ್ಲ, ಅದಕ್ಕೊಂದು ಕಾರಣ ಇತ್ತು. ಕೆಲವು ವರ್ಷದ ಕೆಳಗೆ ಸಿಂಧನೂರಿನಲ್ಲಿ ನೆಂಟರ ಮದುವೆಯಾದಾಗ, ಶಂಶಾದ್‌ಬೀಯ ಕಿರಿಮಗಳು ಹಲೀಮಾ ಒಳಮನೆಯಲ್ಲಿ ದುಪಟ್ಟಾ ಸೊಂಟಕ್ಕೆ ಬಿಗಿದು ಕುಣಿದದ್ದನ್ನು ಯಾವನೋ ತೆಗೆದು ತನ್ನ ಮೊಬೈಲಿನ ಸ್ಟೇಟಸ್ಸಿಗೆ ಹಾಕಿದ್ದ. ಫೋನಿಂದ ಫೋನಿಗೆ ಊರೆಲ್ಲ ಸುತ್ತಿತು. ಅಂದಿನಿಂದ ಹಲೀಮಾ ಯಾರ ಮನೆಯ ಹಬ್ಬಕ್ಕೂ ಹೊರಗೆ ಬಂದವಳಲ್ಲ, ಬಂದರೂ ಅಡುಗೆಮನೆ ಹೊಸ್ತಿಲು ದಾಟಿದವಳಲ್ಲ. ಢೋಲಕ್ ಮುಟ್ಟಿದವಳಂತೂ ಅಲ್ಲವೇ ಅಲ್ಲ.

ಸುಲ್ತಾನಾ ಮಾತ್ರ ಹಠ ಹಿಡಿದಳು. ಹುಡುಗಿಯೊಬ್ಬಳು ಫೋಟೋ ತೆಗೆಯುತ್ತಾಳಂತೆ, ಅವಳನ್ನೇ ಕರೆಸಿ ಅಂದಳು. ಶಂಶಾದ್‌ಬೀ ಫೋನಿನಲ್ಲೇ ಮೆಹನಾಜ್‌ಗೆ ಕರಾರು ಹಾಕಿದಳು.

"ನೋಡು ಬೇಟಿ, ತೆಗೆದ ಒಂದೊಂದು ಫೋಟೋನೂ ಅಲ್ಲೇ ನನಗ ತೋರಿಸಬೇಕು. ಬ್ಯಾಡ ಅಂದದ್ದು ನನ್ನ ಕಣ್ಣ ಮುಂದ ಅಳಿಸಬೇಕು. ಆಲ್ಬಮ್ ಯಾರು ಮಾಡ್ತಾರ?"

"ನಮ್ಮ ಮನ್ಯಾಗ ಕಂಪ್ಯೂಟರಿನಾಗ ನಾನೇ ಮಾಡ್ತೀನ್ರಿ ದಾದಿ. ಯಾರ ಕೈಗೂ ಕೊಡಂಗಿಲ್ಲ."

"ಹಂಗಾದ್ರ ಬಾ. ಏನರ ಹೆಚ್ಚುಕಮ್ಮಿ ಮಾಡಿದಿ ಅಂದ್ರ, ಲಿಂಗಸುಗೂರಿಂದ ಮಸ್ಕಿ ತನಕ ನಿನ್ನ ಹೆಸರು ಹರಾಜ್ ಹಾಕ್ತೀನಿ."

ಹಾಗಾಗಿ ಎಲ್ಲವೂ ನಿಂತದ್ದು ಕ್ಯಾಮೆರಾದ ಹಿಂದಿನ ಆ ಅಂಗೈಯಗಲದ ಸ್ಕ್ರೀನಿನ ಮೇಲೆ. ಬುಡ್ಡೇಸಾಬ್‌ನ ಕಣ್ಣು ಬಿದ್ದದ್ದೂ ಅದರ ಮೇಲೇ.

"ಇದಕ್ಕ ಗಾರ್ಡ್ ಹಾಕ್ಸಿಲ್ಲ?" ಅಂತ ಊಟಕ್ಕೆ ಕೂತಾಗ ಶುರು ಮಾಡಿದ.

"ಬ್ಯಾಡ ಅಬ್ಬಾ. ಅದರ ಗಾಜು ಗಟ್ಟಿನೇ ಇರ್ತೈತಿ. ಮ್ಯಾಲೊಂದು ಹಾಳಿ ಹಚ್ಚಿದ್ರ ಬಿಸಿಲಾಗ ಮಿಂಚಿ ಏನೂ ಕಾಣಂಗಿಲ್ಲ. ಬಣ್ಣನೂ ಸುಳ್ಳು ತೋರಿಸ್ತೈತಿ."

"ಬಣ್ಣ! ಅಲ್ಲಿ ಹಳದಿ ಕೈಲೆ ಮುಟ್ಟತಾರಲ್ಲ, ಅದರ ಬಣ್ಣದ ಸುದ್ದಿ ಗೊತ್ತೇನು ನಿನಗ? ನಾ ಹೊಲಿದ ಸೀಟಿಗೆ ಒಮ್ಮೆ ಹಳದಿ ಹತ್ತಿತ್ತು. ಸೀಟು ಹರಿದು ಹೋತು, ಹಳದಿ ಹೋಗ್ಲಿಲ್ಲ."

"ಹತ್ತಿದ್ರ ವರಸ್ತೀನಿ."

"ಬಳಿ ಬಡಿದು ಗೀರು ಬಿದ್ರ?"

"ಬೀಳ್ಲಿ ಬಿಡ್ರಿ. ಗೀರು ಸ್ಕ್ರೀನಿಗೆ ಬೀಳ್ತೈತಿ, ಫೋಟೋಕ್ಕ ಬೀಳಂಗಿಲ್ಲ. ಆ ರಿಮೋಟ್ ಗತಿ ನನ್ನ ಕ್ಯಾಮೆರಾಕ್ಕ ಬರೋದು ಬ್ಯಾಡ."

ರಿಮೋಟಿನ ಸುದ್ದಿ ಬಂದದ್ದೇ ಬುಡ್ಡೇಸಾಬ್ ಮುಖ ಊದಿಸಿಕೊಂಡು ಎದ್ದು ಕೈ ತೊಳೆದ. ಜಮೀಲಾಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಾತು ಅಲ್ಲಿಗೆ ಮುಗಿಯಿತು ಅಂತ ಮೆಹನಾಜ್ ತಿಳಿದಳು. ಅಪ್ಪನನ್ನು ಇಷ್ಟು ವರ್ಷ ನೋಡಿಯೂ ಹಾಗೆ ತಿಳಿದಳಲ್ಲ, ಅದು ಅವಳ ತಪ್ಪು.

ಅಣ್ಣ ಆಸೀಫ್‌ನದು ಸಿಂಧನೂರಿನಲ್ಲಿ ಮೊಬೈಲ್ ಅಂಗಡಿ. ಈಗ ಅಲ್ಲಿ ಒಂದು ಮಷಿನ್ ಬಂದಿದೆ, ಯಾವ ಸಾಮಾನಿನ ನಂಬರು ಒತ್ತಿದರೂ ಅದರ ಅಳತೆಗೆ ಫಿಲ್ಮ್ ಕತ್ತರಿಸಿ ಕೊಡುತ್ತದೆ. ಬುಡ್ಡೇಸಾಬ್ ಫೋನ್ ಮಾಡಿ ಕ್ಯಾಮೆರಾದ ನಂಬರು ಓದಿ ಹೇಳಿದ. "ಎಲ್ಲಕ್ಕಿಂತ ಛಲೋದು ತಗೊಂಡು ಬಾ" ಅಂದ. ಹಳದಿಯ ದಿನ ಬೆಳಿಗ್ಗೆ ಮೆಹನಾಜ್ ಸ್ನಾನಕ್ಕೆ ಹೋದದ್ದೇ ತಡ, ಅಪ್ಪ ಬಾಗಿಲಿಗೆ ಕಾವಲು ನಿಂತ, ಮಗ ಫಿಲ್ಮ್ ಅಂಟಿಸಿದ. ಕಳ್ಳರಿಗೂ ಇಷ್ಟು ಒಗ್ಗಟ್ಟು ಇರಲಿಕ್ಕಿಲ್ಲ.

ಅವಳಿಗೆ ಗೊತ್ತಾದದ್ದು ಲಿಂಗಸುಗೂರಿನ ಬಸ್ಸಿನಲ್ಲಿ. ಚಾರ್ಜ್ ನೋಡೋಣ ಅಂತ ಕ್ಯಾಮೆರಾ ತೆಗೆದರೆ ಸ್ಕ್ರೀನಿನ ಮೂಲೆಯಲ್ಲಿ ಸಾಸಿವೆಯಷ್ಟು ಗುಳ್ಳೆ. ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ತಕ್ಷಣ ಆಸೀಫ್‌ಗೆ ಫೋನ್ ಹಚ್ಚಿದಳು.

"ಏನ್ ಮಾಡಿ ಇಟ್ಟೀಯೋ ಇದನ್ನ?"

"ಅಬ್ಬಾ ಹೇಳಿದ್ರು, ಹಚ್ಚೀನಿ," ಅಂದ ಅವನು. "ಯಾಕ ಸಿಟ್ಟಾಗಾಕತ್ತಿ? ಅಂಗಡ್ಯಾಗ ಇದಕ್ಕಿಂತ ಛಲೋದು ಇಲ್ಲ. ಬ್ಯಾಂಕಿನೋರು ಬಂದು ಇದನ್ನೇ ಕೇಳಿ ಹಾಕ್ಸ್ಕೊಂಡು ಹೋಗ್ತಾರ..."

ಮುಂದಿನದು ಬಸ್ಸಿನ ಹಾರ್ನಿನಲ್ಲಿ ಮುಚ್ಚಿಹೋಯಿತು. ಸ್ಕ್ರೀನು ಸ್ವಲ್ಪ ಮಂಕಾಗಿತ್ತು. ಅವಳು ಬೆಳಕು ಹೆಚ್ಚು ಮಾಡಿ ನೋಡಿದಳು, ಕಾಣುತ್ತಿತ್ತು. ಈಗ ಕೀಳಲು ಹೋದರೆ ಅಂಟು ಉಳಿದು ಇನ್ನಷ್ಟು ರಾಡಿಯಾದೀತು. ಮನೆಗೆ ಹೋಗಿ ಇಬ್ಬರಿಗೂ ಸರಿಯಾಗಿ ಮಾಡ್ತೀನಿ ಅಂದುಕೊಂಡು ಕ್ಯಾಮೆರಾ ಚೀಲಕ್ಕೆ ಹಾಕಿದಳು.

ಶಂಶಾದ್‌ಬೀ ಮನೆ ಮುಂದೆ ಶಾಮಿಯಾನ ಬಿದ್ದಿತ್ತು. ಹೊರಗೆ ಗಂಡಸರ ಫೋಟೋ ತೆಗೆಯಲು ಬಂದಿದ್ದ ನಿಂಗರಾಜ ದೊಡ್ಡ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. "ಒಳಗಿನ ಫೋಟೋಗ್ರಾಫರ್ ನೀವಾ ಅಕ್ಕಾ? ಹುಷಾರ್‌ರಿ, ಆ ಅಮ್ಮ ನನಗ ಬಾಗಿಲ ಕಡೆ ಮುಖಾನೂ ಮಾಡಬ್ಯಾಡ ಅಂದಾಳ," ಅಂತ ನಕ್ಕ. ಮೆಹನಾಜ್‌ಗೆ ನಗಲು ಆಗಲಿಲ್ಲ. ಚೀಲ ಎದೆಗೆ ಒತ್ತಿಕೊಂಡು ಒಳಗೆ ನಡೆದಳು.

ಒಳಗೆ ಅಂಗಳದ ತುಂಬ ಹೆಂಗಸರು. ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಶಂಶಾದ್‌ಬೀ ಕೂತಿದ್ದಳು, ಯಾರು ಬಂದರು ಯಾರು ಹೋದರು ಎಲ್ಲಾ ಆಕೆಯ ಕಣ್ಣ ಕೆಳಗೇ. ಮೆಹನಾಜ್ ಸಲಾಂ ಹೇಳಿದಳು. ಮುದುಕಿ ಅವಳನ್ನು ನೋಡುವ ಮೊದಲು ಅವಳ ಚೀಲ ನೋಡಿದಳು.

"ಮೊದಲು ಒಂದು ತೆಗಿ. ತೋರಿಸು. ಆಮ್ಯಾಲೆ ಮುಂದಿನ ಮಾತು."

ಸುಲ್ತಾನಾ ಮಣೆಯ ಮೇಲೆ ಕೂತಿದ್ದಳು. ಪಕ್ಕದ ಮನೆಯ ಮಹೇಶ್ವರಿ ಅವಳ ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದಳು, ಯಾರೋ ಹಾಡು ಎತ್ತಿದ್ದರು, ಢೋಲಕ್ ನಡೆದಿತ್ತು. ಮೆಹನಾಜ್ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು ಗುಂಡಿ ಒತ್ತಿದಳು. ಹಿಂದೆ ಸ್ಕ್ರೀನಿನಲ್ಲಿ ನೋಡಿದಳು. ಆಹಾ, ಏನು ಬಂದಿತ್ತು! ಅರಿಶಿನದ ಕೆನ್ನೆ, ಅರ್ಧ ನಗು, ಅರ್ಧ ನಾಚಿಕೆ. ಸಂತೋಷದಿಂದ ಹೋಗಿ ಶಂಶಾದ್‌ಬೀಯ ಕುರ್ಚಿಯ ಪಕ್ಕ ನಿಂತು ಕ್ಯಾಮೆರಾ ಚಾಚಿದಳು. ಹೆಂಗಸರು ಆ ಕಡೆ ಈ ಕಡೆ ಮುಗಿಬಿದ್ದರು.

"ಎಲ್ಲೈತಿ?" ಅಂದಳು ಶಂಶಾದ್‌ಬೀ.

"ಇದೇ ನೋಡ್ರಿ ದಾದಿ."

"ಇದರಾಗ ಏನೈತಿ? ಇದ್ದಲಿ ಐತಿ!"

ಮೆಹನಾಜ್ ಮತ್ತೆ ನೋಡಿದಳು. ಅವಳಿಗೆ ಸುಲ್ತಾನಾ ನಗುತ್ತಿದ್ದಳು. "ಕಾಣ್ತೈತಲ್ರಿ..."

"ನನಗ ಕಣ್ಣಿಲ್ಲ ಅಂತ ತಿಳಿದೀ? ಮೊನ್ನೆ ಆಪರೇಷನ್ ಮಾಡಿಸ್ಕೊಂಡು ಬಂದೀನಿ, ಇರುವಿ ಹೋದ್ರ ಕಾಣ್ತೈತಿ ನನಗ!"

"ನಮಗೂ ಕಾಣವಲ್ದು," ಅಂದಳು ಎಡಗಡೆಯವಳು. "ಬರೀ ಕರ್ರಗೈತಿ," ಅಂದಳು ಬಲಗಡೆಯವಳು. "ತನಗಷ್ಟೇ ಕಾಣ್ತೈತಂತ ನೋಡ್ರೆ!" ಅಂತ ಹಿಂದಿನಿಂದ ಒಂದು ದನಿ ಎದ್ದಿತು. ಅಷ್ಟೇ. ಢೋಲಕ್ ನಿಂತಿತು. ತೋಬಾ ತೋಬಾ, ಒಳಗೆ ತಗೊಂಡು ಹೊರಗೆ ಕರಿದು ತೋರಿಸ್ತಾಳ, ಎಲ್ಲಾ ಎಲ್ಲಿಗೋ ಹೋಗಾಕತ್ತಾವ, ಸಿಂಧನೂರಾಗೂ ಹಿಂಗಾ ಆಗಿತ್ತಲ್ಲ ಅಂತ ಒಂದೊಂದು ಬಾಯಿಗೆ ಒಂದೊಂದು ಮಾತು. ಸಿಂಧನೂರು ಅಂದ ಕೂಡಲೇ ಅಡುಗೆಮನೆ ಹೊಸ್ತಿಲಲ್ಲಿ ನಿಂತಿದ್ದ ಒಬ್ಬ ಹೆಂಗಸು ಹಿಂದಕ್ಕೆ ಸರಿದು ಕತ್ತಲಲ್ಲಿ ಮರೆಯಾದಳು. ಅವಳೇ ಹಲೀಮಾ ಅಂತ ಮೆಹನಾಜ್‌ಗೆ ಯಾರೂ ಹೇಳಬೇಕಾಗಿರಲಿಲ್ಲ.

"ಚೀಲ ತಗೋ, ನಡಿ," ಅಂದಳು ಶಂಶಾದ್‌ಬೀ. ದನಿ ಏರಿಸಲಿಲ್ಲ, ಅದೇ ಹೆದರಿಕೆಯದು.

ಮೆಹನಾಜ್ ಚೀಲಕ್ಕೆ ಬಗ್ಗಿದಳು. ಬಗ್ಗುವಾಗ ಕೈಯಲ್ಲಿದ್ದ ಕ್ಯಾಮೆರಾ ಒಂಚೂರು ವಾಲಿತು, ಆಗ ಅವಳ ಕಣ್ಣಿಗೂ ಸುಲ್ತಾನಾ ಮಾಯವಾಗಿ ಸ್ಕ್ರೀನು ಕಪ್ಪಾಯಿತು. ನೆಟ್ಟಗೆ ಹಿಡಿದಳು, ಸುಲ್ತಾನಾ ಬಂದಳು. ವಾಲಿಸಿದಳು, ಹೋದಳು. ಸಿಂಧನೂರಿನ ಬ್ಯಾಂಕಿನಲ್ಲಿ ಕೂತವರ ಮೊಬೈಲು ಹೀಗೇ ಇರುತ್ತದಲ್ಲ! ಪಕ್ಕದಲ್ಲಿ ನಿಂತವನು ಇಣುಕಬಾರದು ಅಂತ ಹಾಕಿಸುವ ಫಿಲ್ಮು. ನೆಟ್ಟಗೆ ಎದುರು ಇದ್ದವರಿಗೆ ಮಾತ್ರ ಕಾಣುತ್ತದೆ, ಓರೆಯಿಂದ ನೋಡಿದರೆ ಕತ್ತಲು. ಅಂಗಡಿಯ ಎಲ್ಲಕ್ಕಿಂತ ಛಲೋದು ಅಂತ ಅದನ್ನೇ ತಂದು ಹಚ್ಚಿದ್ದ ಪುಣ್ಯಾತ್ಮ. ತೋರಿಸಿಯೇ ತೀರಬೇಕು ಅಂತ ಕರಾರು ಇರುವ ಕಡೆ ಯಾರಿಗೂ ಕಾಣದ ಸ್ಕ್ರೀನು!

ಅಪ್ಪನ ಮೇಲೆ, ಅಣ್ಣನ ಮೇಲೆ, ಮಾರಿಹೋದ ಮಷಿನ್ ಮೇಲೆ, ಎಲ್ಲದರ ಮೇಲೂ ಅಳು ಬಂತು. ಬಂದ ಅಳುವನ್ನು ಅಲ್ಲೇ ನುಂಗಿದಳು. ಇಲ್ಲಿಂದ ಹೀಗೇ ಹೊರಗೆ ಬಿದ್ದರೆ ಇನ್ನು ಯಾವ ಮನೆಯ ಬಾಗಿಲೂ ತನಗೆ ತೆರೆಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

"ಹೋಗ್ತೀನಿ ದಾದಿ," ಅಂದಳು. "ಹೋಗೋಕ್ಕಿಂತ ಮೊದಲು ಇದನ್ನ ನಿಮ್ಮ ಕೈಯಾಗ ಹಿಡೀರಿ. ನೀವ ಹಿಡೀರಿ. ನಾ ಮುಟ್ಟಂಗಿಲ್ಲ."

ಅಂದವಳೇ ಶಂಶಾದ್‌ಬೀಯ ಕಾಲ ಮುಂದೆ ಮಂಡಿಯೂರಿ ಕೂತು, ಮುದುಕಿಯ ಎರಡೂ ಅರಿಶಿನದ ಕೈಗೆ ಕ್ಯಾಮೆರಾ ಕೊಟ್ಟು, ಮುಖದ ಎದುರು ನೆಟ್ಟಗೆ ಹಿಡಿಸಿದಳು.

ಶಂಶಾದ್‌ಬೀ ನೋಡಿದಳು. ಬೈಯಲು ತೆರೆದಿದ್ದ ಬಾಯಿ ಹಾಗೇ ನಿಂತಿತು.

"ಅರೇ, ನನ್ನ ಸುಲ್ತಾನಾ..." ಅಂದಳು ಮೆಲ್ಲಗೆ. "ಹುಬೇಹೂಬ್ ಅವರವ್ವನ ಹಂಗ ಕಾಣ್ತಾಳ."

ಪಕ್ಕದವರು ಬಗ್ಗಿ ಇಣುಕಿದರು. ಅವರಿಗೆ ಏನೂ ಇಲ್ಲ.

"ಮಹೇಶ್ವರಿ, ನಿನಗ ಕಾಣ್ತೈತೇನು?"

"ಇಲ್ರಿ ಅಮ್ಮಾ. ಬರೀ ಕತ್ತಲ."

"ನನಗ ಕಾಣ್ತೈತಿ!" ಅಂದಳು ಶಂಶಾದ್‌ಬೀ. ಕ್ಯಾಮೆರಾ ವಾಲಿಸಿದಳು, ಮೊಮ್ಮಗಳು ಹೋದಳು. ನೆಟ್ಟಗೆ ಮಾಡಿದಳು, ಬಂದಳು. ಮತ್ತೆ ವಾಲಿಸಿದಳು. ಹೊಸ ಆಟಿಕೆ ಸಿಕ್ಕ ಕೂಸಿನ ಹಾಗೆ ಆಡತೊಡಗಿದಳು ಆ ಲಿಂಗಸುಗೂರನ್ನೇ ನಡುಗಿಸುವ ಮುದುಕಿ.

ಮೆಹನಾಜ್ ಇದ್ದದ್ದು ಇದ್ದ ಹಾಗೆ ಹೇಳಿದಳು. "ಇದು ನಾ ಹಚ್ಚಿದ್ದಲ್ಲ ದಾದಿ. ನಮ್ಮ ಅಬ್ಬಾಗ ಎಲ್ಲಕ್ಕೂ ಕವರ್ ಹಾಕೋ ಹುಚ್ಚು. ಅಣ್ಣ ಮೊಬೈಲಿಗೆ ಹಾಕೋದನ್ನ ತಂದು ಹಚ್ಯಾನ. ಎದುರಿಗಿದ್ದೋರಿಗೆ ಬಿಟ್ಟು ಯಾರಿಗೂ ಕಾಣಂಗಿಲ್ಲ ಇದರಾಗ. ತಡೀರಿ, ಈಗಲೇ ಕಿತ್ತು ಒಗೀತೀನಿ, ಎಲ್ಲಾರೂ ನೋಡೀರಂತ." ಗುಳ್ಳೆಯಿದ್ದ ಮೂಲೆಗೆ ಉಗುರು ಹಾಕಿದಳು.

ಫಟ್ ಅಂತ ಕೈ ಮೇಲೆ ಏಟು ಬಿತ್ತು.

"ಕೈ ತೆಗೀ ಬೇ! ಕಿತ್ತಿ ಅಂದ್ರ ನೋಡು ಮತ್ತ!" ಶಂಶಾದ್‌ಬೀ ಕುರ್ಚಿಯಿಂದ ಎದ್ದೇಬಿಟ್ಟಳು. ಕ್ಯಾಮೆರಾ ಎದೆಗೆ ಒತ್ತಿಕೊಂಡು ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದಳು. "ಏ ಕೇಳ್ರೆಲ್ಲಾ! ಈ ಕ್ಯಾಮೆರಾ ಗೋಷಾ ಹಾಕ್ಕೊಂಡೈತಿ! ನಮ್ಮಕಿಂತ ಪಕ್ಕಾ ಗೋಷಾ!"

ಗದ್ದಲ ಕೇಳಿ ಸುಲ್ತಾನಾಳ ಅಣ್ಣ ಅಖ್ತರ್ ಬಾಗಿಲ ಪರದೆಯ ಆಚೆ ಬಂದು ನಿಂತಿದ್ದ. "ಏನಾತು ದಾದಿ? ಫೋಟೋ ಕೆಟ್ಟೂ ಏನು?"

"ಬಾ, ನೀನೂ ನೋಡು," ಅಂತ ಮುದುಕಿ ಪರದೆಯ ಪಕ್ಕದಿಂದ ಸ್ಕ್ರೀನು ಓರೆಯಾಗಿ ಹಿಡಿದಳು. ಪಾಪ, ಅವನು ಕಣ್ಣು ಕಿರಿದು ಮಾಡಿ ನೋಡೇ ನೋಡಿದ.

"ಏನೂ ಇಲ್ಲಲ್ಲ! ನಿಂತು ಹೋಗ್ಯಾದ ಇದು. ನಿಂಗರಾಜಣ್ಣಾ, ನಿನ್ನ ಕಡೆ ಇನ್ನೊಂದು ಕ್ಯಾಮೆರಾ ಐತೇನು?"

"ಐತ್ರಿ, ಕೊಡ್ಲೇನ್ರಿ?" ಅಂತ ನಿಂಗರಾಜ ಹೊರಗಿನಿಂದ ಕೂಗಿದ.

ಅಂಗಳ ಬಿದ್ದು ಬಿದ್ದು ನಕ್ಕಿತು. ಅಖ್ತರ್ ಯಾಕೆ ಅಂತ ತಿಳಿಯದೆ ಮುಖ ಸಣ್ಣದು ಮಾಡಿಕೊಂಡು ಹೋದ. ನಗುವವರ ಜೊತೆಗೆ ಮೆಹನಾಜ್‌ಗೂ ನಗು ಬಂತು, ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. ಢೋಲಕ್ ಮತ್ತೆ ಶುರುವಾಯಿತು.

ಆಮೇಲೆ ನಡೆದದ್ದೇ ಬೇರೆ. ಬೇರೆ ಮದುವೆಗಳಲ್ಲಿ ಫೋಟೋ ತೆಗೆದರೆ ಹತ್ತು ತಲೆ ಒಟ್ಟಿಗೆ ಇಣುಕಿ, ನಿನ್ನ ಮೂಗು ನೋಡು, ಅಕಿ ಹೊಟ್ಟಿ ನೋಡು ಅಂತ ಆಡಿಕೊಳ್ಳುವುದು ಇದ್ದದ್ದೇ. ಇಲ್ಲಿ ಒಬ್ಬೊಬ್ಬಳೇ ಎದುರು ಬಂದು ಕೂರಬೇಕು, ತನ್ನ ಮುಖ ತಾನೊಬ್ಬಳೇ ನೋಡಬೇಕು. ಆಡಿಕೊಳ್ಳುವವರಿಗೆ ಕತ್ತಲು. ಹಾಗಾಗಿ ಫೋಟೋ ಅಂದರೆ ಮಾರು ದೂರ ಓಡುತ್ತಿದ್ದವರು ಕೂಡ, ನನ್ನದೊಂದು ತೆಗಿ ನನ್ನದೊಂದು ತೆಗಿ ಅಂತ ಬಂದರು. ಹಲ್ಲಿಲ್ಲದವಳು ಬಾಯ್ತುಂಬ ನಕ್ಕಳು. ಬಣ್ಣ ಕಪ್ಪು ಅಂತ ಸದಾ ಹಿಂದೆ ನಿಲ್ಲುವವಳು ಮುಂದೆ ಬಂದು ನಿಂತಳು, ನೋಡಿಕೊಂಡು, "ಛಲೋ ಅದೀನಿ ಬಿಡು" ಅಂತ ತನಗೆ ತಾನೇ ಅಂದುಕೊಂಡಳು. ಶಂಶಾದ್‌ಬೀ ಒಂದೊಂದನ್ನೂ ನೋಡಿ ತಲೆಯಾಡಿಸುತ್ತಿದ್ದಳು. ಅಳಿಸು ಅಂದದ್ದು ಬಹಳ ಕಡಿಮೆ.

ಅಡುಗೆಮನೆ ಹೊಸ್ತಿಲಲ್ಲಿ ಹಲೀಮಾ ಮತ್ತೆ ಬಂದು ನಿಂತಿದ್ದಳು. ಅಲ್ಲಿಂದಲೇ ನೋಡುತ್ತಿದ್ದಳು. ಯಾರೂ ಕರೆಯಲಿಲ್ಲ, ಕರೆದರೆ ಮತ್ತೆ ಒಳಗೆ ಹೋಗಿಬಿಡುತ್ತಾಳೆ ಅಂತ ಎಲ್ಲರಿಗೂ ಗೊತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳೇ ಹೊಸ್ತಿಲು ದಾಟಿದಳು. ಮೆಹನಾಜ್ ಹತ್ತಿರ ಬಂದು, "ಕೊಡು ಇಲ್ಲಿ" ಅಂದಳು.

ಕ್ಯಾಮೆರಾ ತಗೊಂಡು ಎಡಗಡೆಯಿಂದ ನೋಡಿದಳು. ಬಲಗಡೆಯಿಂದ ನೋಡಿದಳು. ಸುಲ್ತಾನಾಳ ಕೈಗೆ ಕೊಟ್ಟು, ತಾನು ಅವಳ ಹೆಗಲ ಪಕ್ಕ ಹೋಗಿ ನಿಂತು ಇಣುಕಿದಳು. ಬಾಗಿಲಿಗೆ ಚಿಲಕ ಹಾಕಿದ ಮೇಲೂ ಎಳೆದೆಳೆದು ನೋಡುತ್ತೇವಲ್ಲ, ಹಾಗೆ ನೋಡಿದಳು. ಆಮೇಲೆ ಮೆಹನಾಜಳ ಮುಖವನ್ನೂ ಅಷ್ಟೇ ಹೊತ್ತು ನೋಡಿದಳು.

"ನಿನ್ನ ಮನ್ಯಾಗ ಕಂಪ್ಯೂಟರ್ ಯಾರು ಮುಟ್ತಾರ?"

"ನಾನೊಬ್ಬಾಕೇರಿ ಅಕ್ಕಾ. ನಿಮ್ಮ ಫೋಟೋ ನಮ್ಮ ಅಬ್ಬಾ ಕೇಳಿದ್ರೂ ತೋರಿಸಂಗಿಲ್ಲ."

"ಖರೇ?"

"ಖರೇ."

ಹಲೀಮಾ ದುಪಟ್ಟಾ ತೆಗೆದು ಸೊಂಟಕ್ಕೆ ಬಿಗಿದಳು. ಢೋಲಕ್ ಬಡಿಯುತ್ತಿದ್ದ ಹುಡುಗಿಯನ್ನು, "ಸರಿ ಬೇ, ಅದೇನು ರೊಟ್ಟಿ ತಟ್ಟೋ ಹಂಗ ಬಡೀತಿ?" ಅಂತ ಎಬ್ಬಿಸಿ ತಾನು ಕೂತು ನಾಲ್ಕು ಏಟು ಹಾಕಿದಳು. ಅಬ್ಬಬ್ಬಾ, ಗೋಡೆಗಳೇ ಅದುರಿದವು. ಹೆಂಗಸರು ಸಿಳ್ಳೆ ಹಾಕಿದರು. ಲಯ ಹಿಡಿಸಿ, ಢೋಲಕ್ ಹುಡುಗಿಗೆ ವಾಪಸು ಕೊಟ್ಟು, ಅಂಗಳದ ನಡುವೆ ನಿಂತು ಹಲೀಮಾ ಕುಣಿದಳು. ಇಷ್ಟು ವರ್ಷ ಅಡುಗೆಮನೆಯಲ್ಲಿ ಕೂಡಿಟ್ಟದ್ದನ್ನೆಲ್ಲ ಒಂದೇ ಸಲ ಖರ್ಚು ಮಾಡುವವಳ ಹಾಗೆ ಕುಣಿದಳು. ಶಂಶಾದ್‌ಬೀ ಕುರ್ಚಿ ಹಿಡಿದುಕೊಂಡು ನಿಂತು, "ಕುಣಿ! ಕುಣಿ ನನ್ನವ್ವಾ!" ಅಂತ ಕೂಗುತ್ತಿದ್ದಳು, ಕೂಗುತ್ತಲೇ ಅಳುತ್ತಿದ್ದಳು. ಮೆಹನಾಜ್ ಗುಂಡಿ ಒತ್ತುತ್ತಲೇ ಇದ್ದಳು.

ಕುಣಿದು ಮುಗಿದ ಮೇಲೆ ಹಲೀಮಾ ಏದುಸಿರು ಬಿಡುತ್ತಾ ಬಂದು ಎದುರು ಕೂತಳು. ಮೆಹನಾಜ್ ಕ್ಯಾಮೆರಾ ಅವಳ ಕೈಗೆ ಕೊಟ್ಟಳು. ಹಲೀಮಾ ಒಬ್ಬಳೇ ತನ್ನನ್ನು ತಾನು ನೋಡಿದಳು, ಒಂದಾದ ಮೇಲೆ ಒಂದು.

"ಅಳಿಸಲೇನ್ರಿ ಅಕ್ಕಾ?" ಅಂತ ಮೆಹನಾಜ್ ಅಂಜುತ್ತಾ ಕೇಳಿದಳು.

"ಅಳಿಸಿದಿ ಅಂದ್ರ ಕೈ ಮುರೀತೀನಿ," ಅಂದಳು ಹಲೀಮಾ.

ಹೊರಡುವಾಗ ಶಂಶಾದ್‌ಬೀ ಕ್ಯಾಮೆರಾ ಇನ್ನೊಮ್ಮೆ ಇಸಿದುಕೊಂಡು, ಅರಿಶಿನದ ಹೆಬ್ಬೆಟ್ಟನ್ನು ಸ್ಕ್ರೀನಿನ ಮೂಲೆಯಲ್ಲಿ, ಆ ಗುಳ್ಳೆಯ ಮೇಲೇ ಒತ್ತಿದಳು. "ಆತು. ನನ್ನ ರುಜು ಬಿತ್ತು," ಅಂದಳು. "ಮುಕ್ಕುಂದದ ಬೀಗರ ಮನ್ಯಾಗ ಬರೋ ತಿಂಗಳು ಮದುವಿ ಐತಿ. ಅಲ್ಲಿಗೂ ನೀನ ಬರಬೇಕು. ಬ್ಯಾರೆ ಯಾವ ಕ್ಯಾಮೆರಾ ಬಂದ್ರೂ ನಾ ಕಾಲ್ ಇಡಂಗಿಲ್ಲ ಅಂತ ಈಗಲೇ ಫೋನ್ ಮಾಡಿ ಹೇಳ್ತೀನಿ."

ಮೆಹನಾಜ್ ಮಸ್ಕಿಗೆ ಬಂದು ಇಳಿದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಎದುರಿನ ಅಂಗಡಿಯಲ್ಲಿ ಬುಡ್ಡೇಸಾಬ್ ಪಾಮನಕಲ್ಲೂರಿನ ಆದೆಪ್ಪನ ಮೋಟಾರ್ ಸೈಕಲ್ ಸೀಟು ಹೊಲಿಯುತ್ತಾ ಕೂತಿದ್ದ. ಬೆಳಗಿನಿಂದ ಅದೇ ಒಂದು ಸೀಟನ್ನು ಹೊಲಿದು ಬಿಚ್ಚಿ, ಬಿಚ್ಚಿ ಹೊಲಿಯುತ್ತಿದ್ದ. ಆದೆಪ್ಪ ಬೇಸತ್ತು ಬೀಡಿ ಹಚ್ಚಿದ್ದ. ಮಗಳನ್ನು ಕಂಡದ್ದೇ ಬುಡ್ಡೇಸಾಬ್ ಎದ್ದು ನಿಂತ. ಏನಾಯಿತು ಅಂತ ಕೇಳಲು ಧೈರ್ಯ ಸಾಲದೆ ಬೇರೆ ಕೇಳಿದ.

"ಗೀರು ಬಿತ್ತೇನು?"

"ಇಲ್ಲ ಅಬ್ಬಾ."

"ತೋರಿಸು ನೋಡೋಣು, ಹೆಂಗ ಬಂದಾವ."

ಅವಳು ಕ್ಯಾಮೆರಾ ತೆಗೆದು ಚಾಲೂ ಮಾಡಿ, ತನ್ನ ಕಡೆ ಹಿಡಿದುಕೊಂಡೇ ನಿಂತಳು. ಬುಡ್ಡೇಸಾಬ್ ಪಕ್ಕದಿಂದ ಕತ್ತು ಚಾಚಿ ನೋಡಿದ. ಕರ್ರಗೆ ಕತ್ತಲು, ಮೂಲೆಯಲ್ಲಿ ಒಂದು ಹಳದಿ ಹೆಬ್ಬೆಟ್ಟು. ಅವನ ಮುಖ ಬಿಳಿಚಿತು.

"ಯಾ ಅಲ್ಲಾ! ಸುಟ್ಟು ಹೋತೇನು? ಆ ಆಸೀಫಾ ಏನ್ ಹಚ್ಚಿ ಕೊಟ್ಟಾನ?"

"ಸುಟ್ಟಿಲ್ಲ. ಎಲ್ಲಾ ಅದಾವ. ಎದುರಿಗಿದ್ದೋರಿಗೆ ಕಾಣ್ತಾವ."

"ಹಂಗಾರ ಎದುರಿಗೆ ಹಿಡಿ."

"ಇಲ್ಲ ಅಬ್ಬಾ," ಅಂದಳು ಮೆಹನಾಜ್. "ಹೆಂಗಸರ ಫೋಟೋ ಅದಾವ. ಮಾತು ಕೊಟ್ಟು ಬಂದೀನಿ. ನಿಮಗೂ ತೋರಿಸಂಗಿಲ್ಲ."

ಆದೆಪ್ಪ ಬಾಯಿಂದ ಬೀಡಿ ತೆಗೆದ. "ಏನ್ರಿ ಸಾಬ್ರ, ಕವರ್ ಹಾಕಿಸಿದೋರು ನೀವು, ನಿಮಗ ಕಾಣಂಗಿಲ್ಲಂತಲ್ರಿ!"

ಬುಡ್ಡೇಸಾಬ್ ಮಗಳ ಮುಖ ನೋಡಿದ, ಕ್ಯಾಮೆರಾ ನೋಡಿದ, ಹೆಗಲ ಮೇಲಿನ ಬಟ್ಟೆ ತೆಗೆದು ಆ ಹಳದಿಯನ್ನಾದರೂ ಒರೆಸೋಣ ಅಂತ ಕೈ ಚಾಚಿದ. ಅವಳು ಹಿಂದಕ್ಕೆ ಎಳೆದುಕೊಂಡಳು.

"ಅದನ್ನ ವರಸಬ್ಯಾಡ್ರಿ. ಶಂಶಾದ್‌ಬೀ ದಾದಿ ರುಜು ಅದು. ಮುಕ್ಕುಂದದ ಮದುವಿಗೂ ನನ್ನೇ ಕರದಾರ."

"ಮುಕ್ಕುಂದಕ್ಕ?"

"ಹೂಂ. ಗಾರ್ಡ್ ಕೀಳಬಾರದು ಅಂತನೂ ಹೇಳ್ಯಾರ."

ಮನೆಯ ಎಲ್ಲ ಪ್ಲಾಸ್ಟಿಕ್ಕಿನ ಪರವಾಗಿ ಗೆದ್ದವನ ಹಾಗೆ ಬುಡ್ಡೇಸಾಬ್‌ನ ಮುಖ ಅರಳಿತು. "ನಾ ಹೇಳಿದ್ದೆನಿಲ್ಲೋ!"

"ನೀವು ಗೀರು ಬೀಳ್ತೈತಿ ಅಂತ ಹೇಳಿದ್ರಿ," ಅಂದಳು ಮೆಹನಾಜ್. "ಹೋಗ್ಲಿ ಬಿಡ್ರಿ, ಗಾರ್ಡ್ ಇರ್ತೈತಿ. ಆದ್ರ ಆ ರಿಮೋಟಿನ ಚೀಲ ಇವತ್ತ ಹರಿದು ಒಗೀತೀನಿ."

"ಒಗಿ ಅತ್ಲಾಗ!" ಅಂದ ಬುಡ್ಡೇಸಾಬ್. ಅಂದುಬಿಟ್ಟ! ಆಮೇಲೆ ಆದೆಪ್ಪನ ಕಡೆ ತಿರುಗಿ, ಬಸ್‌ಸ್ಟ್ಯಾಂಡಿನಲ್ಲಿ ಸಿಂಧನೂರಿನ ಬಸ್ಸಿಗೆ ಕಾಯುತ್ತಿದ್ದ ಹೆಂಗಸರಿಗೆಲ್ಲ ಕೇಳಲಿ ಅಂತಲೇ ಗಂಟಲು ಏರಿಸಿದ.

"ನೋಡೋ ಆದೆಪ್ಪ, ನನಗೂ ತೋರಿಸಂಗಿಲ್ಲ ಅಂತಾಳ! ಹೆತ್ತ ಅಪ್ಪಗ! ಇಂಥಾ ಫೋಟೋಗ್ರಾಫರ್ ಎಲ್ಲಿ ಸಿಗ್ತಾಳ ಹೇಳು?"

ಆದೆಪ್ಪ ಬೀಡಿ ನಂದಿಸಿ, "ಹೌದಲ್ರಿ," ಅಂದ. "ತಂಗೀ, ನಮ್ಮ ಸೊಸಿ ಬಸುರಿ ಅದಾಳ, ಕುಬಸ ಐತಿ. ಪಾಮನಕಲ್ಲೂರಿಗೂ ಬರ್ತೀಯೇನವಾ?"